ಅಧ್ಯಕ್ಷರ ದೊಡ್ಡಕರುಳು

ಡಾಕ್ಟರು ‘ಸಾವು’ ಎಂಬ ಮಾತು ಎತ್ತಿದ್ದೇ ತಡ, ಭರಮಣ್ಣನವರ ಮುಖ ಅರಳಿತು. ಪಕ್ಕದಲ್ಲಿ ಕುಳಿತಿದ್ದ ಬಾಳೇಶನ ತೊಡೆ ತಟ್ಟಿ, “ಕೇಳಿದೆಲ್ಲೋ? ಊರಾಗ ಹೇಳೂಮುಂದ ಇದ್ದದ್ದ ಇದ್ದಂಗ ಹೇಳ್ಬೇಕ ನೋಡಪಾ” ಎಂದರು.

ಖಾನಾಪುರದ ಕಡೆಯ ಹಳ್ಳಿಯೊಂದರ ಹಾಲಿನ ಸಂಘಕ್ಕೆ ಭರಮಣ್ಣನವರು ಅಧ್ಯಕ್ಷರು, ಬಾಳೇಶ ಉಪಾಧ್ಯಕ್ಷ. ಹತ್ತು ವರ್ಷಗಳಿಂದ ಅಧ್ಯಕ್ಷರು ಸಾಯುತ್ತಲೇ ಇದ್ದರು. ಚುನಾವಣೆ ಬಂತೆಂದರೆ ಸಭೆಯಲ್ಲಿ ಹೊಟ್ಟೆ ಹಿಡಿದುಕೊಂಡು, “ಇದೊಂದ ಸಲ. ಕುರ್ಚಿ ಮ್ಯಾಲ ಕಣ್ಣ ಮುಚ್ಚತೇನ್ರಪಾ” ಎಂದು ಗಂಟಲು ತುಂಬಿಸಿಕೊಳ್ಳುವರು. ಸಾಯುವವನ ಎದುರು ನಿಂತ ಎಂಬ ಅಪವಾದ ಯಾರಿಗೆ ಬೇಕು? ಎರಡು ಸಲವೂ ಬಾಳೇಶ ನಾಮಪತ್ರ ಹಿಂದಕ್ಕೆ ಪಡೆದಿದ್ದ.

ಈಗ ಮೂರನೆಯ ಚುನಾವಣೆ. ಊರಿನವರು ಒಳಗೊಳಗೇ ನಗಲು ಶುರುಮಾಡಿದ್ದರು. ಅಷ್ಟರಲ್ಲಿ ದೇವರು ಕಣ್ಣು ಬಿಟ್ಟಂತೆ ಭರಮಣ್ಣನವರಿಗೆ ಮಲದಲ್ಲಿ ರಕ್ತ ಕಂಡಿತು. ಒಂದು ಗಳಿಗೆ ಜೀವ ಬಾಯಿಗೆ ಬಂದದ್ದು ನಿಜ. ಮರುಗಳಿಗೆಯೇ ಅವರಿಗೆ ಚುನಾವಣೆ ನೆನಪಾಯಿತು. ಬೆಳಗಾವಿಗೆ ಬಂದು, ಕ್ಯಾಂಪ್ ಪ್ರದೇಶದ ದವಾಖಾನೆಯೊಂದರಲ್ಲಿ ಕರುಳಿನೊಳಗೆ ದುರ್ಬೀನು ಬಿಟ್ಟು ನೋಡುವ ಪರೀಕ್ಷೆ ಮಾಡಿಸಿಕೊಂಡರು. ಇಂದು ಅದರ ಫಲ ಕೇಳಲು, ಸಾಕ್ಷಿಗಿರಲೆಂದು ಬಾಳೇಶನನ್ನೇ ಕರೆತಂದಿದ್ದರು.

ಡಾ. ಸೃಷ್ಟಿ ಕರುಳಿನ ಚಿತ್ರವನ್ನು ಅವರತ್ತ ತಿರುಗಿಸಿದರು. “ನೋಡ್ರಿ ಅಜ್ಜಾರ, ದೊಡ್ಡಕರುಳಿನ ಗ್ವಾಡಿ ಅಲ್ಲಲ್ಲಿ ಹೊರಗ ಉಬ್ಬಿ ಸಣ್ಣ ಸಣ್ಣ ಚೀಲ ಆಗ್ಯಾವ. ವಯಸ್ಸಾದವ್ರಾಗ ಭಾಳ ಮಂದಿಗಿ ಇರತಾವ. ರಕ್ತ ತಾನ ನಿಂತೈತಿ. ಸಾವಿನ ಅಪಾಯ ಉಳಿದವ್ರಕಿಂತ ಒಂಚೂರು ಹೆಚ್ಚು ಅಂತಾರ, ಅಷ್ಟ.”

“ಇನ್ನ ಎಷ್ಟ ದಿನ್ರಿ ಬಾಯಾರ?” ಭರಮಣ್ಣನವರು ಆಸೆಯಿಂದ ಕೇಳಿದರು.

“ದಿನ ಅಲ್ರಿ. ಹದಿನೈದು, ಇಪ್ಪತ್ತು ವರ್ಷದ ಮಾತದು. ಜ್ವಾಳದ ರೊಟ್ಟಿ, ಕಾಳು, ಕಾಯಿಪಲ್ಲೆ ತಿನ್ರಿ. ನೀರು ಕುಡೀರಿ, ದಿನಾ ನಡೀರಿ. ಆರಾಮ ಇರ್ತೀರಿ.”

ಆರಾಮ! ಭರಮಣ್ಣನವರ ಮುಖ ಕಪ್ಪಿಟ್ಟಿತು. ಕುರ್ಚಿಯಿಲ್ಲದೆ ಇಪ್ಪತ್ತು ವರ್ಷ ಬದುಕಿ ಮಾಡುವುದೇನು? ಬೆಳಿಗ್ಗೆ ಡೇರಿಗೆ ಕಾಲಿಟ್ಟರೆ ಹಾಲು ಹಾಕಲು ಬಂದ ನಲವತ್ತು ಜನ ‘ನಮಸ್ಕಾರ್ರಿ ಅಧ್ಯಕ್ಷರ’ ಎನ್ನುತ್ತಿದ್ದರು. ಮನೆಯಲ್ಲಾದರೋ ಒಂದು ಕಪ್ ಚಹಾಕ್ಕೆ ಎರಡು ಸಲ ಕೂಗಬೇಕು. ಅವರಿಗೆ ನಿಜಕ್ಕೂ ಅಳು ಬಂತು. ಗಂಟಲು ತುಂಬಿಸಿಕೊಳ್ಳುವ ಕಷ್ಟ ಈ ಸಲ ಬೇಕಾಗಲಿಲ್ಲ.

“ಬಾಯಾರ, ಕಾಗದದಾಗ ಆ ವರ್ಷದ ಮಾತು ಬ್ಯಾಡ್ರಿ. ಅಪಾಯ ಐತಿ ಅಂತ ಇಷ್ಟ ಬರದು ಸಹಿ ಮಾಡ್ರಿ.”

“ಸುಳ್ಳು ಬರೀಲೇನ್ರಿ?”

“ಸುಳ್ಳೆಲ್ಲಿ ಬಂತು? ನೀವ ಈಗ ಹೇಳಿದ್ರಲ್ಲ. ಆ ‘ಒಂಚೂರು’ ಅನ್ನೂದನ್ನ ಅಷ್ಟ ದೊಡ್ಡದು ಮಾಡ್ರಿ.”

“ಅಜ್ಜಾರ, ನಾ ಇಷ್ಟ ವರ್ಷ ಕಲ್ತದ್ದು ಮಂದೀನ ಬದುಕ್ಸಾಕರಿ” ಎಂದು ಡಾಕ್ಟರು ವರ್ಷದ ಮಾತನ್ನೂ ಸೇರಿಸಿಯೇ ಬರೆದು, ಕಾಗದವನ್ನು ಮುಂದಕ್ಕೆ ಸರಿಸಿದರು.

ಬಾಳೇಶ ಬಗ್ಗಿ ಅದನ್ನು ಓದತೊಡಗಿದ. ಇವನು ಊರಿಗೆ ಹೋಗಿ ಇಪ್ಪತ್ತು ವರ್ಷದ ಸುದ್ದಿ ಹೇಳಿದರೆ ತಮ್ಮ ಕಥೆ ಮುಗಿಯಿತು ಎಂದು ಭರಮಣ್ಣನವರು ಕಾಗದವನ್ನು ಸರಕ್ಕನೆ ಎಳೆದುಕೊಂಡರು.

“ಬಾಳೇಶ, ಊರಾಗ ಖರೇನ ಹೇಳ್ತೀ ಏನ?”

“ಹೇಳಬೇಕಲ್ರಿ ಅಧ್ಯಕ್ಷರ. ಇದ್ದದ್ದ ಇದ್ದಂಗ.”

“ಹಂಗಾರ ಈ ಸಲ ನೀನ ನಿಲ್ಲಾಂವ.”

“ನಿಲ್ಲೂದೇನೋ ನಿಲ್ತೇನ್ರಿ. ಆದ್ರ ಗಟ್ಟಿಮುಟ್ಟ ಇದ್ದಾಂವಗ ನಮ್ಮೂರಾಗ ಓಟ ಯಾರ ಹಾಕ್ಯಾರ?” ಬಾಳೇಶ ಕುರ್ಚಿಯನ್ನು ಡಾಕ್ಟರ ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಅಂಗಿಯ ಕೆಳಗಿನ ಗುಂಡಿ ಬಿಚ್ಚಿದ. “ಬಾಯಾರ, ನಾಮಪತ್ರ ಹಾಕಾಕ ಇನ್ನ ಹದಿನೈದ ದಿನ ಐತ್ರಿ. ನನ್ನ ಕರಳಾಗೂ ಒಮ್ಮೆ ದುರ್ಬೀನ ಬಿಟ್ಟ ನೋಡ್ರಿ. ಹುಡುಕಿದ್ರ ಏನರ ಸಿಕ್ಕೀತು.”