ಚಂಪಕಾಳನ್ನು ನೋಡಲು ಬಂದ ಸಾಫ್ಟ್‌ವೇರ್

ಸಂಗೀತದ ಸಾಫ್ಟ್‌ವೇರ್‌ಗಳೇ ಮನೆಮನೆಗೆ ಬಂದು ಜನರನ್ನು ನೋಡಿ ಒಪ್ಪುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ತಿಪಟೂರಿನ ಚಂಪಕಾಳನ್ನು ಎರಡು ಸಾಫ್ಟ್‌ವೇರ್‌ಗಳು ನೋಡಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಹೇಳಿ ಸುಮ್ಮನಾಗಿದ್ದವು. ಗೆಳತಿ ಶಬಾನಾಳ ಮೆಹಂದಿಗೆ ಕುಣಿಯುವಂಥ ಟ್ರ್ಯಾಕ್ ಮಾಡಿಕೊಡುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಮೆಹಂದಿ ಇವತ್ತೇ ಸಂಜೆ. ಮೂರನೆಯದೂ ಒಲ್ಲೆನೆಂದರೆ ಶಬಾನಾಗೆ ಮುಖ ತೋರಿಸುವುದು ಹೇಗೆ?

ಮೂರನೆಯದು ಬಂದು ಜಮಖಾನದ ಮೇಲಿಟ್ಟ ಲ್ಯಾಪ್‌ಟಾಪಿನಲ್ಲಿ ಕುಳಿತಿತು. ಚಂಪಕಾಳ ಅಜ್ಜಿ ಪದ್ಧತಿಯಂತೆ ಒಂದು ಬೀಟ್ ಕೇಳಿಸಿ, "ಎಲ್ಲಾ ನಮ್ಮ ಹುಡುಗೀನೇ ಮಾಡಿದ್ದು" ಎಂದರು.

"ಹೋದ ವಾರ ಪಕ್ಕದ್ಮನೇಲೂ ಇದನ್ನೇ ಕೇಳಿಸಿದ್ರು ಅಜ್ಜಿ," ಎಂದಿತು ಸಾಫ್ಟ್‌ವೇರ್. "ಅಲ್ಲೂ ಅವರ ಹುಡುಗೀನೇ ಮಾಡಿದ್ದಂತೆ."

ಅಜ್ಜಿ ಕೆಮ್ಮಿದರು. "ಅದಕ್ಕೇನಪ್ಪ? ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮಾಡಿದ್ದು ನಮ್ಮತ್ತಿಗೆ. ನಮ್ಮೆಜಮಾನ್ರು ಸಾಯೋವರೆಗೂ ಅದನ್ನ ಹೊಗಳ್ತಿದ್ರು."

ಇನ್ನು ಮುಚ್ಚಿಡುವುದೇನೆಂದು ಚಂಪಕಾ ತಾನು ಫೋನಿನಲ್ಲಿ ಹಿಡಿದಿಟ್ಟಿದ್ದ ಅರೆಬರೆ ಹಾಡನ್ನು ಹಾಕಿದಳು. ಹೊಲಿಗೆ ಯಂತ್ರದ ಸದ್ದಿನ ಮೇಲೆ ಅವಳೇ ಗುನುಗಿದ ರಾಗವೊಂದು ಏರುತ್ತ ಹೋಗಿ ಅರ್ಧದಲ್ಲೇ ನಿಂತಿತು.

"ಮುಂದೇನು ಮಾಡ್ಬೇಕೋ ಗೊತ್ತಾಗ್ಲಿಲ್ಲ. ಗೆಳತಿ ಮೆಹಂದಿ ಇವತ್ತೇ ಸಂಜೆ," ಎಂದಳು.

"ಸದ್ಯ," ಎಂದಿತು ಸಾಫ್ಟ್‌ವೇರ್. "ಎಲ್ಲಾ ಮನೇಲೂ ಮುಗಿಸಿಟ್ಟಿರೋದನ್ನೇ ಕೇಳಿಸ್ತಾರೆ. ಮತ್ತೆ ನಮಗೇನು ಕೆಲಸ? ಇಲ್ಲೊಂದು ಡೋಲಕ್ ಹಾಕಿ ನೋಡೋಣ್ವಾ?"

"ಹಾಗಾದ್ರೆ ಒಪ್ಪಿಗೆ ಅಂತಾಯ್ತು. ತಾಂಬೂಲ ತರ್ಲಾ?" ಎಂದು ಅಜ್ಜಿ ಎದ್ದರು.

"ಅದೆಲ್ಲಾ ಆಮೇಲೆ ಅಜ್ಜಿ. ಮೆಹಂದಿ ಮನೇಲಿ ಕುಣಿಯೋಕೆ ಕಾಯ್ತಿದಾರೆ."

ದೀಪ ಹಚ್ಚುವ ಹೊತ್ತಿಗೆ ಶಬಾನಾಳ ಫೋನ್ ಬಂತು. ಗೋರಂಟಿ ಹಚ್ಚಿದ ಕೈಗಳನ್ನು ಎತ್ತಿಕೊಂಡೇ ಕುಣಿಯುತ್ತಿದ್ದವಳ ಏದುಸಿರಿನ ಹಿಂದೆ ಚಂಪಕಾಳ ಟ್ರ್ಯಾಕ್ ಎಲ್ಲೂ ನಿಲ್ಲದೆ ಕೊನೆಯವರೆಗೂ ಮೊಳಗಿತು.