ಬಳುವಳಿ

೧೮೬೦ರ ಡಿಸೆಂಬರಿನ ಒಂದು ದಿನ ಚಾರ್ಲ್ಸ್ಟನ್ನಿನ ಚರ್ಚುಗಳ ಗಂಟೆಗಳೆಲ್ಲ ಒಮ್ಮೆಗೇ ಮೊಳಗಿದಾಗ ಗುಲಾಮಳು ಟೆಂಪಿ ಒಡೆಯನ ಮಗಳ ಮದುವೆ ಕೇಕಿಗೆ ಮೊಟ್ಟೆ ಕಡೆಯುತ್ತಿದ್ದಳು. ಮೂಲೆಯಲ್ಲಿ ಅವಳ ಮಗಳು ವೈನಿಯ ಬಟ್ಟೆಗಂಟು ಸಿದ್ಧವಾಗಿತ್ತು. ಬಳುವಳಿಯಾಗಿ ವೈನಿಯೂ ಮದುಮಗಳ ಹಿಂದೆ ದೂರದ ಕೆಂಟಕಿಗೆ, ಗಂಡಿನ ಮನೆಗೆ ಹೋಗಬೇಕಿತ್ತು.

ಮದುಮಗಳು ಅಳುತ್ತ ಅಡಿಗೆಮನೆಗೆ ನುಗ್ಗಿದಳು. "ಸಾಕು ನಿಲ್ಸು ಟೆಂಪಿ! ನಮ್ಮ ರಾಜ್ಯ ಅಮೆರಿಕ ಬಿಟ್ಟು ಬೇರೆ ದೇಶ ಆಯ್ತಂತೆ. ನನ್ನ ಮದುವೆ ಆಗೋರು ಹಳೇ ಬಾವುಟ ಬಿಡಲ್ಲ ಅಂದ್ರು, ಅಪ್ಪ ಅವರನ್ನ ಮನೆಯಿಂದಾಚೆ ಅಟ್ಟಿಬಿಟ್ರು. ಮದುವೆ ಮುರೀತು!"

"ಅಯ್ಯೋ ನನ್ನವ್ವಾ!" ಎಂದು ಟೆಂಪಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ನಗು ಕಾಣಬಾರದಲ್ಲ.

ಮದುಮಗಳು ಆಚೆ ಹೋದದ್ದೇ ಗಂಟಿನ ಪಕ್ಕ ನಿಂತಿದ್ದ ವೈನಿ ಪಿಸುಗುಟ್ಟಿದಳು: "ಬೇರೆ ದೇಶ ಯಾಕವ್ವಾ ಮಾಡ್ಕೊಂಡ್ರು?"

"ನಮ್ಮನ್ನ ಸಾಯೋವರೆಗೂ ಗುಲಾಮರಾಗೇ ಇಟ್ಕೊಳ್ಳೋಕಂತೆ ಕಣೇ. ಅದನ್ನ ನಾಳೆ ನೋಡ್ಕೊಳ್ಳೋಣ. ನೀನು ಮೊದಲು ಆ ಗಂಟು ಬಿಚ್ಚು."