ನೀರಿನ ಗಂಟೆ

ಮಕ್ಕಳು ನೀರು ಕುಡಿಯಲೆಂದೇ ಪಾಠ ನಿಲ್ಲಿಸಿ ಗಂಟೆ ಹೊಡೆಸುವ ಶಾಲೆ ಎಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬಂದ ಮೇಲೆ ಹೆಡ್‌ಮಾಸ್ತರರ ನಡಿಗೆಯೇ ಬದಲಾಗಿತ್ತು. ಇವತ್ತು ಅದನ್ನು ಕಣ್ಣಾರೆ ನೋಡಲು ತಾಲ್ಲೂಕು ಕೇಂದ್ರದಿಂದ ಬಿಇಒ ಮೇಡಂ ಬಂದಿದ್ದರು.

ಗಂಟೆ ಹೊಡೆಯಿತು. ಏಳನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಬಾಟಲಿ ಎತ್ತಿದರು. ಖುಷಿಯಾದ ಮೇಡಂ ತಮ್ಮ ಬಾಟಲಿಯನ್ನೂ ಗಟಗಟನೆ ಖಾಲಿ ಮಾಡಿದರು.

"ನೀರು ಕುಡಿದ್ರೆ ಬುದ್ಧಿ ಚುರುಕಾಗುತ್ತೆ, ಮುಖಕ್ಕೆ ಕಳೆ ಬರುತ್ತೆ ಅಂತ ದಿನಾ ಪ್ರಾರ್ಥನೆ ಆದ್ಮೇಲೆ ಭಾಷಣ ಮಾಡ್ತೀನಿ ಮೇಡಂ," ಎಂದರು ಹೆಡ್‌ಮಾಸ್ತರರು.

ಹುಡುಗರ ಬಾಟಲಿಗಳು ಅರ್ಧಕ್ಕೆ ಇಳಿದಿದ್ದವು. ಹುಡುಗಿಯರ ಬಾಟಲಿಗಳು ಮಾತ್ರ ಕತ್ತಿನವರೆಗೂ ತುಂಬಿಯೇ ಇದ್ದವು.

"ಯಾಕಮ್ಮಾ, ಬರೀ ತುಟಿಗೆ ತಾಗಿಸಿ ಇಟ್ಬಿಟ್ಟೆ?" ಮುಂದಿನ ಬೆಂಚಿನ ಹುಡುಗಿಯನ್ನು ಮೇಡಂ ಕೇಳಿದರು.

ಹುಡುಗಿ ಹೆಡ್‌ಮಾಸ್ತರರ ಮುಖ ನೋಡಿದಳು. "ಬಾಯಾರಿಕೆ ಆಗಿಲ್ಲ ಮಿಸ್."

"ಈ ಹೆಣ್ಮಕ್ಕಳದ್ದು ಇದೇ ಗೋಳು ಮೇಡಂ. ಎಷ್ಟು ಬಡ್ಕೊಂಡ್ರೂ ಅಷ್ಟೇ, ಆರೋಗ್ಯದ ಮೇಲೆ ಕಾಳಜೀನೇ ಇಲ್ಲ."

ತಪಾಸಣೆ ಮುಗಿಯುವಷ್ಟರಲ್ಲಿ ಮೇಡಂ ಕುಡಿದ ನೀರು ತನ್ನ ಕೆಲಸ ಮಾಡಿತ್ತು. ಅವರು ಸಂಕೋಚದಿಂದ, "ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಎಂದರು.

ಹೆಡ್‌ಮಾಸ್ತರರ ಮುಖ ಅರಳಿತು. ಜೇಬಿನಿಂದ ಬೀಗದ ಕೈ ತೆಗೆಯುತ್ತ ಮುಂದೆ ನಡೆದರು.

"ಬನ್ನಿ ಮೇಡಂ, ಹೆಣ್ಮಕ್ಕಳ ಟಾಯ್ಲೆಟ್ಟೇ ಇದೆ. ಕಟ್ಟಿದ ದಿನ ಹೆಂಗಿತ್ತೋ ಇವತ್ತಿಗೂ ಹಂಗೇ ಇದೆ, ಫಳಫಳ ಅಂತದೆ. ನಿಮ್ಮಂಥೋರು ಬಂದಾಗ ಬಿಟ್ರೆ ನಾನು ಬೀಗಾನೇ ತೆಗೆಯಲ್ಲ!"